ಸನ್ನಿವೇಶ ಯೋಜನೆ

ಸನ್ನಿವೇಶ ಯೋಜನೆಯು ಸಂಸ್ಥೆಗಳು ಮತ್ತು ಸರ್ಕಾರಗಳು ದೀರ್ಘಾವಧಿಯ ನಿರ್ಧಾರಗಳನ್ನು ಕೈಗೊಳ್ಳುವಾಗ ಅನುಸರಿಸುವ ಕಾರ್ಯತಂತ್ರ ಯೋಜನೆಯ ಒಂದು ವಿಧಾನ. ಒಂದೇ ಮುನ್ಸೂಚನೆಯನ್ನು ನಂಬಿ ನಡೆಯುವ ಬದಲು, ಸಂಭವನೀಯವೂ ಪರಸ್ಪರ ಭಿನ್ನವೂ ಆದ ಕೆಲವು ಭವಿಷ್ಯಗಳನ್ನು ಕಥನರೂಪದಲ್ಲಿ ಚಿತ್ರಿಸಿ, ಅವುಗಳಲ್ಲಿ ಪ್ರತಿಯೊಂದರ ಎದುರಿಗೂ ಇಂದಿನ ನಿರ್ಧಾರವನ್ನು ಒರೆಗೆ ಹಚ್ಚಿ ನೋಡುವುದು ಇದರ ತಿರುಳು. ಇಂತಹ ಪ್ರತಿಯೊಂದು ಚಿತ್ರಣವನ್ನು ಸನ್ನಿವೇಶ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಮತ್ತು ಫ್ರಾನ್ಸ್ ದೇಶಗಳಲ್ಲಿ ರೂಪುಗೊಂಡ ಈ ವಿಧಾನವು 1970ರ ದಶಕದಲ್ಲಿ ರಾಯಲ್ ಡಚ್ ಶೆಲ್ ತೈಲ ಸಂಸ್ಥೆಯ ಪ್ರಯೋಗದಿಂದ ಪ್ರಸಿದ್ಧಿಗೆ ಬಂದಿತು. ಭವಿಷ್ಯವನ್ನು ಸರಿಯಾಗಿ ಊಹಿಸುವುದಕ್ಕಿಂತ ನಿರ್ಧಾರ ಕೈಗೊಳ್ಳುವವರ ನೋಟವನ್ನು ತಿದ್ದುವುದೇ ಇದರ ಮುಖ್ಯ ಉದ್ದೇಶವೆಂದು ಆ ಪ್ರಯೋಗವನ್ನು ನಡೆಸಿದವರು ಪ್ರತಿಪಾದಿಸಿದರು.

ಹಿನ್ನೆಲೆ

ಯಾವುದೇ ಸಂಸ್ಥೆಯ ದೊಡ್ಡ ನಿರ್ಧಾರಗಳು ಇಂದು ಕೈಗೊಂಡು ನಾಳೆ ಫಲ ಕಾಣುವಂಥವು. ತೈಲ ಶುದ್ಧೀಕರಣಾಗಾರ, ಅಣೆಕಟ್ಟು, ರೈಲುಮಾರ್ಗ ಮುಂತಾದವುಗಳನ್ನು ನಿರ್ಮಿಸಲು ವರ್ಷಗಳು ಹಿಡಿಯುತ್ತವೆ. ಹೂಡಿದ ಬಂಡವಾಳ ಮರಳಿ ಬರಲು ದಶಕಗಳೇ ಬೇಕಾಗುತ್ತವೆ. ಆದುದರಿಂದ ನಿರ್ಧಾರ ಕೈಗೊಳ್ಳುವವರು ಭವಿಷ್ಯದ ಬಗ್ಗೆ ಏನನ್ನಾದರೂ ಭಾವಿಸಿಕೊಳ್ಳದೆ ವಿಧಿಯಿಲ್ಲ. ಸಾಮಾನ್ಯವಾಗಿ ಅವರು ಹಿಂದಿನ ವರ್ಷಗಳ ಅಂಕಿ ಅಂಶಗಳನ್ನು ಮುಂದಕ್ಕೆ ವಿಸ್ತರಿಸಿ ಮುನ್ಸೂಚನೆಯನ್ನು ಸಿದ್ಧಪಡಿಸುತ್ತಾರೆ. ಪರಿಸ್ಥಿತಿ ಸ್ಥಿರವಾಗಿರುವವರೆಗೆ ಇಂತಹ ಮುನ್ಸೂಚನೆಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಪರಿಸ್ಥಿತಿ ದಿಕ್ಕು ಬದಲಿಸುವ ಸಮಯದಲ್ಲಿ, ಅಂದರೆ ಅವುಗಳ ಅಗತ್ಯ ಅತ್ಯಂತ ಹೆಚ್ಚಾಗಿರುವಾಗಲೇ, ಅವು ಕೈಕೊಡುತ್ತವೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಅವರು 1921ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅಪಾಯ ಮತ್ತು ಅನಿಶ್ಚಿತತೆ ಎಂಬ ಎರಡು ಪರಿಕಲ್ಪನೆಗಳ ನಡುವೆ ವ್ಯತ್ಯಾಸವನ್ನು ಕಲ್ಪಿಸಿದರು. ದಾಳ ಉರುಳಿಸಿದಾಗ ಯಾವ ಸಂಖ್ಯೆ ಬೀಳುವುದೆಂದು ತಿಳಿಯದಿದ್ದರೂ ಅದರ ಸಂಭವನೀಯತೆಯನ್ನು ಲೆಕ್ಕ ಹಾಕಬಹುದು, ಇದು ಅಪಾಯ. ಲೆಕ್ಕಕ್ಕೆ ಆಧಾರವೇ ಇಲ್ಲದಿರುವುದು ಅನಿಶ್ಚಿತತೆ. ಸನ್ನಿವೇಶ ಯೋಜನೆ ಈ ಎರಡನೆಯ ಬಗೆಯ ಪರಿಸ್ಥಿತಿಗೆ ಸಂಬಂಧಿಸಿದುದು.

ಇತಿಹಾಸ

1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಹರ್ಮನ್ ಕಾನ್ ಅವರು ಪರಮಾಣು ಯುದ್ಧದ ಸಂಭಾವ್ಯ ಸ್ವರೂಪಗಳನ್ನು ಕಥನರೂಪದಲ್ಲಿ ವಿಶ್ಲೇಷಿಸತೊಡಗಿದರು. ಹಿಂದೆಂದೂ ನಡೆಯದ ಘಟನೆಯಾದುದರಿಂದ ಅದಕ್ಕೆ ಹಿಂದಿನ ಅಂಕಿ ಅಂಶಗಳು ನೆರವಾಗುವಂತಿರಲಿಲ್ಲ. ಈ ಚಿತ್ರಣಗಳಿಗೆ ರಂಗಭೂಮಿ ಮತ್ತು ಚಲನಚಿತ್ರ ಕ್ಷೇತ್ರದಿಂದ ಸಿನಾರಿಯೊ ಎಂಬ ಪದವನ್ನು ಎರವಲು ಪಡೆಯಲಾಯಿತು. ಕಾನ್ ಅವರು 1961ರಲ್ಲಿ ಹಡ್ಸನ್ ಇನ್‌ಸ್ಟಿಟ್ಯೂಟ್ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಇದೇ ಕಾಲದಲ್ಲಿ ಫ್ರಾನ್ಸ್‌ನ ತತ್ತ್ವಶಾಸ್ತ್ರಜ್ಞ ಗಾಸ್ತೋನ್ ಬರ್ಜೆ ಅವರು ಭವಿಷ್ಯವು ಮೊದಲೇ ನಿಶ್ಚಯವಾದುದಲ್ಲ, ಮನುಷ್ಯರ ಆಯ್ಕೆಗಳಿಂದ ರೂಪುಗೊಳ್ಳುವಂಥದು ಎಂಬ ನಿಲುವಿನ ಮೇಲೆ ಒಂದು ಚಿಂತನಕ್ರಮವನ್ನು ಬೆಳೆಸಿದರು.

ಶೆಲ್ ಸಂಸ್ಥೆಯ ಪ್ರಯೋಗ

ಶೆಲ್ ಸಂಸ್ಥೆ 1965ರಲ್ಲಿ ಗಣಕಯಂತ್ರದ ನೆರವಿನಿಂದ ನಡೆಯುವ ಏಕೀಕೃತ ಯೋಜನಾ ವ್ಯವಸ್ಥೆಯನ್ನು ಜಾರಿಗೆ ತಂದಿತ್ತು. ಎರಡನೆಯ ಮಹಾಯುದ್ಧದ ನಂತರ ತೈಲದ ಬೇಡಿಕೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದುದರಿಂದ ಬೆಳವಣಿಗೆಯ ರೇಖೆಯನ್ನು ಮುಂದುವರಿಸುವುದೇ ಯೋಜನೆಯೆನಿಸಿತ್ತು. ಆದರೆ 1967ರಲ್ಲಿ ಸಂಸ್ಥೆಯು ಕೈಗೊಂಡ 2000ನೆಯ ಇಸವಿಯನ್ನು ಕುರಿತ ಅಧ್ಯಯನವು ಈ ವಿಸ್ತರಣೆ ಹಾಗೆಯೇ ಮುಂದುವರಿಯುವುದು ಸಾಧ್ಯವಿಲ್ಲವೆಂದು ತೋರಿಸಿತು. ಫ್ರಾನ್ಸ್‌ನ ಶೆಲ್ ಶಾಖೆಯಲ್ಲಿ ಸನ್ನಿವೇಶ ವಿಧಾನವನ್ನು ಪ್ರಯೋಗಿಸಿದ್ದ ಪಿಯರ್ ವ್ಯಾಕ್ ಅವರು 1971ರಲ್ಲಿ ಲಂಡನ್ ಕಚೇರಿಗೆ ಬಂದು, ಟೆಡ್ ನ್ಯೂಲ್ಯಾಂಡ್ ಮೊದಲಾದವರೊಡನೆ ಈ ಕಾರ್ಯವನ್ನು ಮುಂದುವರಿಸಿದರು.

ಅವರ ತಂಡದ ಮೊದಲ ಸನ್ನಿವೇಶಗಳು ನಿಷ್ಪ್ರಯೋಜಕವೆನಿಸಿದವು. ಎಲ್ಲರಿಗೂ ತಿಳಿದಿದ್ದ ಅನಿಶ್ಚಿತತೆಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದ್ದ ಅವು ಬೆಲೆ ಏರಬಹುದು ಅಥವಾ ಏರದಿರಬಹುದು ಎನ್ನುವುದನ್ನು ಮಾತ್ರ ಹೇಳುತ್ತಿದ್ದವು. ಅವುಗಳನ್ನು ಓದಿದ ವ್ಯವಸ್ಥಾಪಕರಿಗೆ ಯಾವ ನಿರ್ಧಾರಕ್ಕೂ ಆಧಾರ ದೊರೆಯಲಿಲ್ಲ. ಬಳಿಕ ತಂಡವು ತೈಲ ಉತ್ಪಾದಿಸುವ ಪ್ರತಿಯೊಂದು ದೇಶದ ದೃಷ್ಟಿಯಿಂದ ಪರಿಸ್ಥಿತಿಯನ್ನು ಪರಿಶೀಲಿಸಿತು. ಅಪಾರ ತೈಲ ನಿಕ್ಷೇಪವಿದ್ದ, ಆದರೆ ಜನಸಂಖ್ಯೆ ಕಡಿಮೆಯಿದ್ದ ದೇಶಗಳಿಗೆ ಹೆಚ್ಚಿನ ಹಣವನ್ನು ವಿನಿಯೋಗಿಸಲು ಅವಕಾಶವಿರಲಿಲ್ಲ. ಹಣದ ಅಗತ್ಯ ಹೆಚ್ಚಾಗಿದ್ದ ದೇಶಗಳ ನಿಕ್ಷೇಪ ಸೀಮಿತವಾಗಿತ್ತು. ಹೀಗಾಗಿ ಪಾಶ್ಚಾತ್ಯ ರಾಷ್ಟ್ರಗಳು ಬಯಸಿದಷ್ಟು ಉತ್ಪಾದನೆಯನ್ನು ಹೆಚ್ಚಿಸುತ್ತ ಹೋಗಲು ಯಾವ ದೇಶಕ್ಕೂ ಕಾರಣವಿರಲಿಲ್ಲ. ಪೂರೈಕೆಯ ಬಿಕ್ಕಟ್ಟು ಒದಗುವುದು ಬಹುಮಟ್ಟಿಗೆ ಖಚಿತವೆಂದೂ ಅದು ಯಾವಾಗ ಒದಗುವುದೆಂಬುದು ಮಾತ್ರ ಅನಿಶ್ಚಿತವೆಂದೂ ತಂಡವು ನಿರ್ಣಯಿಸಿತು.

ಮೊದಲೇ ನಿಶ್ಚಯವಾದ ಇಂತಹ ಅಂಶಗಳನ್ನು ವಿವರಿಸಲು ವ್ಯಾಕ್ ಅವರು ಗಂಗಾನದಿಯ ಉದಾಹರಣೆಯನ್ನು ಬಳಸಿದರು. ಗಂಗೆಯ ಮೇಲಣ ಜಲಾನಯನ ಪ್ರದೇಶದಲ್ಲಿ ಭಾರೀ ಮಳೆ ಸುರಿದರೆ, ಮೊದಲು ಹೃಷಿಕೇಶದಲ್ಲಿ, ಕೆಲವು ದಿನಗಳ ತರುವಾಯ ಅಲಹಾಬಾದಿನಲ್ಲಿ, ಅನಂತರ ಕಾಶಿಯಲ್ಲಿ ಪ್ರವಾಹ ಬರುವುದು ನಿಶ್ಚಿತ. ಇದು ಜ್ಯೋತಿಷ್ಯವಲ್ಲ; ಈಗಾಗಲೇ ಸುರಿದ ಮಳೆಯ ಪರಿಣಾಮವನ್ನು ಗ್ರಹಿಸುವುದಷ್ಟೆ.

1972ರ ಸೆಪ್ಟೆಂಬರ್ ತಿಂಗಳಲ್ಲಿ ಹೊಸ ಸನ್ನಿವೇಶಗಳನ್ನು ಸಂಸ್ಥೆಯ ಉನ್ನತ ನಿರ್ದೇಶಕರ ಮುಂದಿಡಲಾಯಿತು. ಅವುಗಳಲ್ಲಿ ಒಂದು ಗುಂಪು ಪೂರೈಕೆಯ ಬಿಕ್ಕಟ್ಟನ್ನೂ ಬೆಲೆಯ ತೀವ್ರ ಏರಿಕೆಯನ್ನೂ ಚಿತ್ರಿಸಿತು. ಇನ್ನೊಂದು ಗುಂಪು ಹಿಂದಿನಂತೆಯೇ ಎಲ್ಲವೂ ಸುಗಮವಾಗಿ ನಡೆಯಬೇಕಾದರೆ ಏನೇನು ಸಂಭವಿಸಬೇಕೆಂಬುದನ್ನು ಒಂದೊಂದಾಗಿ ಪಟ್ಟಿಮಾಡಿತು. ಆ ಪಟ್ಟಿಯನ್ನು ನೋಡಿದವರಿಗೆ ತಾವು ಸಹಜವೆಂದು ನಂಬಿದ್ದ ಭವಿಷ್ಯವು ಹಲವು ಪವಾಡಗಳು ಒಟ್ಟಿಗೆ ನಡೆದರೆ ಮಾತ್ರ ಸಾಧ್ಯವೆಂಬುದು ಮನವರಿಕೆಯಾಯಿತು. ವ್ಯವಸ್ಥಾಪಕರ ನಂಬಿಕೆಯನ್ನು ನೇರವಾಗಿ ಖಂಡಿಸದೆ, ಆ ನಂಬಿಕೆಗೆ ತೆರಬೇಕಾದ ಬೆಲೆಯನ್ನು ತೋರಿಸಿದ್ದು ಈ ಕ್ರಮದ ವೈಶಿಷ್ಟ್ಯ.

1973ರ ಅಕ್ಟೋಬರ್ 6ರಂದು ಅರಬ್–ಇಸ್ರೇಲ್ ಯುದ್ಧ ಆರಂಭವಾಯಿತು. ಅದೇ ತಿಂಗಳಲ್ಲಿ ಅರಬ್ ದೇಶಗಳು ಉತ್ಪಾದನೆಯನ್ನು ಕಡಿತಗೊಳಿಸಿ ಅಮೆರಿಕ ಮೊದಲಾದ ದೇಶಗಳಿಗೆ ತೈಲ ನಿರ್ಬಂಧವನ್ನು ವಿಧಿಸಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ಘೋಷಿತ ಬೆಲೆ 1974ರ ಜನವರಿಯ ಹೊತ್ತಿಗೆ 11 ಡಾಲರ್‌ಗಳನ್ನು ಮೀರಿತು. ಯುದ್ಧದ ದಿನಾಂಕವನ್ನು ಶೆಲ್ ತಂಡವು ಊಹಿಸಿರಲಿಲ್ಲ. ಆದರೂ ಬಿಕ್ಕಟ್ಟಿನ ಸಾಧ್ಯತೆಯನ್ನು ಆಗಲೇ ಚರ್ಚಿಸಿದ್ದರಿಂದ, ಬೇಡಿಕೆಯ ಬೆಳವಣಿಗೆ ಕುಂಠಿತವಾದುದು ತಾತ್ಕಾಲಿಕವಲ್ಲವೆಂಬುದನ್ನು ಸಂಸ್ಥೆಯು ಬೇಗ ಗ್ರಹಿಸಿತು. ಹೊಸ ಶುದ್ಧೀಕರಣಾಗಾರಗಳ ನಿರ್ಮಾಣವನ್ನು ನಿಧಾನಗೊಳಿಸಿ, ಇರುವ ಘಟಕಗಳನ್ನು ಉತ್ತಮಪಡಿಸುವುದಕ್ಕೆ ಒತ್ತು ನೀಡಲಾಯಿತು. ವ್ಯಾಕ್ ಅವರು ಈ ಅನುಭವವನ್ನು 1985ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಎರಡು ಲೇಖನಗಳಲ್ಲಿ ವಿವರಿಸಿದರು.

ವಿಧಾನ

ಸನ್ನಿವೇಶಗಳನ್ನು ರೂಪಿಸುವ ಕ್ರಮವು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಸಾಮಾನ್ಯವಾಗಿ ಕಂಡುಬರುವ ಹಂತಗಳು ಹೀಗಿವೆ:

1. ಕೈಗೊಳ್ಳಬೇಕಾದ ನಿರ್ಧಾರವನ್ನೂ ಅದು ಅನ್ವಯವಾಗುವ ಕಾಲಾವಧಿಯನ್ನೂ ಸ್ಪಷ್ಟಪಡಿಸಿಕೊಳ್ಳುವುದು.
2. ಆ ನಿರ್ಧಾರದ ಮೇಲೆ ಪ್ರಭಾವ ಬೀರುವ ಹೊರಗಿನ ಶಕ್ತಿಗಳನ್ನು ಗುರುತಿಸುವುದು.
3. ಅವುಗಳಲ್ಲಿ ಬಹುಮಟ್ಟಿಗೆ ನಿಶ್ಚಿತವಾದವುಗಳನ್ನೂ ಅನಿಶ್ಚಿತವಾದವುಗಳನ್ನೂ ಬೇರ್ಪಡಿಸುವುದು.
4. ಅತ್ಯಂತ ಮುಖ್ಯವಾದ ಅನಿಶ್ಚಿತತೆಗಳನ್ನು ಆಧಾರವಾಗಿಟ್ಟುಕೊಂಡು ಎರಡರಿಂದ ನಾಲ್ಕು ಸನ್ನಿವೇಶಗಳನ್ನು ರಚಿಸುವುದು.
5. ಪ್ರತಿಯೊಂದು ಸನ್ನಿವೇಶದಲ್ಲಿಯೂ ನಿರ್ಧಾರದ ಫಲವೇನೆಂದು ಪರಿಶೀಲಿಸುವುದು.
6. ಯಾವ ಸನ್ನಿವೇಶ ನಿಜವಾಗುತ್ತಿದೆ ಎಂಬುದನ್ನು ತಿಳಿಸುವ ಮುನ್ಸೂಚಕ ಚಿಹ್ನೆಗಳನ್ನು ಗೊತ್ತುಪಡಿಸಿಕೊಳ್ಳುವುದು.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ವಿವರಿಸಬಹುದು. ಹಾಲು ಉತ್ಪಾದಕರ ಸಹಕಾರ ಸಂಘವೊಂದು ಸಾಲ ಪಡೆದು ಹಾಲು ತಂಪುಗೊಳಿಸುವ ದೊಡ್ಡ ಘಟಕವನ್ನು ಸ್ಥಾಪಿಸಬೇಕೇ ಬೇಡವೇ ಎಂದು ಆಲೋಚಿಸುತ್ತಿದೆ ಎಂದಿಟ್ಟುಕೊಳ್ಳೋಣ. ಸಾಲ ತೀರಲು ಹತ್ತು ವರ್ಷ ಬೇಕು. ಈ ಅವಧಿಯಲ್ಲಿ ನೀರು ಮತ್ತು ಮೇವು ಸಾಕಷ್ಟು ದೊರೆಯುವುದೇ, ಊರಿನ ಯುವಜನರು ಹೈನುಗಾರಿಕೆಯಲ್ಲಿ ಉಳಿಯುವರೇ ಎಂಬುವು ಎರಡು ಮುಖ್ಯ ಅನಿಶ್ಚಿತತೆಗಳು. ಇವೆರಡನ್ನೂ ಜೋಡಿಸಿದರೆ ನಾಲ್ಕು ಸನ್ನಿವೇಶಗಳು ದೊರೆಯುತ್ತವೆ. ನೀರೂ ಜನರೂ ಇದ್ದರೆ ದೊಡ್ಡ ಘಟಕವೂ ಸಾಲದಾದೀತು. ನೀರಿದ್ದು ಜನರಿಲ್ಲದಿದ್ದರೆ ಹಾಲಿನ ಸಂಗ್ರಹ ನಿಧಾನವಾಗಿ ಇಳಿಯುತ್ತದೆ. ಜನರಿದ್ದು ನೀರಿಲ್ಲದಿದ್ದರೆ ಸಂಗ್ರಹವು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಎರಡೂ ಇಲ್ಲದಿದ್ದರೆ ಸಾಲ ಮಾತ್ರ ಉಳಿಯುತ್ತದೆ.

ಈ ನಾಲ್ಕನ್ನೂ ಎದುರಿಗಿಟ್ಟುಕೊಂಡಾಗ, ಘಟಕ ಬೇಕೇ ಬೇಡವೇ ಎಂಬ ಪ್ರಶ್ನೆಯು ಬೇರೊಂದು ರೂಪವನ್ನು ಪಡೆಯುತ್ತದೆ. ಈಗ ಚಿಕ್ಕ ಘಟಕವನ್ನು ಸ್ಥಾಪಿಸಿ, ವಿಸ್ತರಣೆಗೆ ಸ್ಥಳ ಕಾದಿರಿಸುವ ಮೂರನೆಯ ದಾರಿ ಗೋಚರವಾಗುತ್ತದೆ. ಅದು ಮೂರು ಸನ್ನಿವೇಶಗಳಲ್ಲಿ ಉಪಯುಕ್ತ. ನಾಲ್ಕನೆಯದರಲ್ಲಿ ನಷ್ಟವಾದರೂ ಸಂಘವು ಮುಳುಗುವುದಿಲ್ಲ. ಮನೆಗಳಲ್ಲಿ ಸಾಕುತ್ತಿರುವ ಕಡಸುಗಳ ಸಂಖ್ಯೆ, ಕೊಳವೆ ಬಾವಿಗಳ ಆಳ ಮುಂತಾದುವು ಮುನ್ಸೂಚಕ ಚಿಹ್ನೆಗಳಾಗುತ್ತವೆ.

ದಕ್ಷಿಣ ಆಫ್ರಿಕಾದ ಮಾಂಟ್ ಫ್ಲೂರ್ ಸನ್ನಿವೇಶಗಳು

ಈ ವಿಧಾನವು ವಾಣಿಜ್ಯ ಕ್ಷೇತ್ರದಿಂದ ಸಾರ್ವಜನಿಕ ಜೀವನಕ್ಕೂ ಹರಡಿತು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯು ಕೊನೆಗೊಳ್ಳುತ್ತಿದ್ದ ಕಾಲದಲ್ಲಿ, 1991–92ರಲ್ಲಿ, ಬೇರೆ ಬೇರೆ ರಾಜಕೀಯ ಪಕ್ಷ, ಕಾರ್ಮಿಕ ಸಂಘ, ಉದ್ಯಮ ಮತ್ತು ವಿಶ್ವವಿದ್ಯಾಲಯಗಳಿಗೆ ಸೇರಿದ 22 ಜನರು ಸ್ಟೆಲೆನ್‌ಬಾಷ್ ನಗರದ ಸಮೀಪದ ಮಾಂಟ್ ಫ್ಲೂರ್ ಎಂಬಲ್ಲಿ ಸೇರಿ ದೇಶದ ಮುಂದಿನ ಹತ್ತು ವರ್ಷಗಳ ಸನ್ನಿವೇಶಗಳನ್ನು ರಚಿಸಿದರು. ಶೆಲ್ ಸಂಸ್ಥೆಯಲ್ಲಿ ಕಾರ್ಯನಿರ್ವಹಿಸಿದ್ದ ಆ್ಯಡಮ್ ಕಹಾನೆ ಅವರು ಈ ಚರ್ಚೆಗಳನ್ನು ನಡೆಸಿಕೊಟ್ಟರು.

ತಂಡವು ನಾಲ್ಕು ಸನ್ನಿವೇಶಗಳನ್ನು ಮುಂದಿಟ್ಟಿತು. ಮಾತುಕತೆಯಿಂದ ಇತ್ಯರ್ಥವಾಗದೆ ಅಲ್ಪಸಂಖ್ಯಾತ ಬಿಳಿಯರ ಸರ್ಕಾರವು ವಾಸ್ತವವನ್ನು ಕಾಣಲು ನಿರಾಕರಿಸುವ ಸ್ಥಿತಿಗೆ ಉಷ್ಟ್ರಪಕ್ಷಿ ಎಂದೂ, ಅಧಿಕಾರ ಹಸ್ತಾಂತರವು ವಿಳಂಬಗೊಂಡು ದುರ್ಬಲ ಸರ್ಕಾರವು ಉಂಟಾಗುವ ಸ್ಥಿತಿಗೆ ಕುಂಟ ಬಾತುಕೋಳಿ ಎಂದೂ ಹೆಸರಿಡಲಾಯಿತು. ಜನಪ್ರಿಯ ಸರ್ಕಾರವು ತನ್ನ ಹಣಕಾಸಿನ ಮಿತಿಯನ್ನು ಮರೆತು ವೆಚ್ಚ ಮಾಡಿ ಕುಸಿಯುವ ಸ್ಥಿತಿಗೆ ಗ್ರೀಕ್ ಪುರಾಣದಲ್ಲಿ ಸೂರ್ಯನ ಸಮೀಪಕ್ಕೆ ಹಾರಿ ಬಿದ್ದ ಇಕಾರಸ್‌ನ ಹೆಸರನ್ನು ನೀಡಲಾಯಿತು. ಎಲ್ಲರೂ ಒಟ್ಟಾಗಿ, ನಿಧಾನವಾಗಿ, ಸುಸ್ಥಿರವಾಗಿ ಮೇಲೇರುವುದು ಫ್ಲೆಮಿಂಗೊಗಳ ಹಾರಾಟ ಎಂಬ ನಾಲ್ಕನೆಯ ಸನ್ನಿವೇಶ. ಇವುಗಳನ್ನು 1992ರಲ್ಲಿ ಪತ್ರಿಕೆಯ ಪುರವಣಿಯಾಗಿ ಪ್ರಕಟಿಸಲಾಯಿತು. ತಂಡದಲ್ಲಿದ್ದ ಟ್ರೆವರ್ ಮ್ಯಾನುಯಲ್ ಅವರು 1996ರಲ್ಲಿ ದೇಶದ ಹಣಕಾಸು ಸಚಿವರೂ, ಟಿಟೊ ಎಂಬೊವೇನಿ ಅವರು 1999ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರೂ ಆದರು. ಪರಸ್ಪರ ವಿರೋಧಿ ಪಾಳಯಗಳಲ್ಲಿದ್ದವರಿಗೆ ಮಾತನಾಡಲು ಸಮಾನವಾದ ಭಾಷೆಯೊಂದು ದೊರೆತದ್ದು ಈ ಪ್ರಯತ್ನದ ಮುಖ್ಯ ಫಲವೆಂದು ಪರಿಗಣಿಸಲಾಗಿದೆ.

ಭಾರತ

ವರ್ಲ್ಡ್ ಎಕನಾಮಿಕ್ ಫೋರಂ ಸಂಸ್ಥೆಯು ಭಾರತೀಯ ಕೈಗಾರಿಕಾ ಒಕ್ಕೂಟದ ಸಹಯೋಗದಲ್ಲಿ 2025ನೆಯ ಇಸವಿಯವರೆಗಿನ ಭಾರತದ ಸನ್ನಿವೇಶಗಳನ್ನು ರೂಪಿಸಿ 2005ರಲ್ಲಿ ಪ್ರಕಟಿಸಿತು. ಎಲ್ಲರನ್ನೂ ಒಳಗೊಂಡ ಅಭಿವೃದ್ಧಿಯನ್ನು ಚಿತ್ರಿಸುವ ಪಹಲೇ ಇಂಡಿಯಾ, ಆರಂಭದ ಯಶಸ್ಸು ಎಲ್ಲರಿಗೂ ತಲುಪದೆ ಹುಸಿಯಾಗುವ ಬಾಲಿವರ್ಲ್ಡ್, ದಿಕ್ಕು ಕಾಣದೆ ದೇಶವು ತಡವರಿಸುವ ಅಟಕ್ತಾ ಭಾರತ್ ಎಂಬುವು ಆ ಮೂರು ಸನ್ನಿವೇಶಗಳು.

ಮಿತಿಗಳು ಮತ್ತು ಟೀಕೆಗಳು

ಸನ್ನಿವೇಶ ಯೋಜನೆಯ ಯಶಸ್ಸನ್ನು ಅಳೆಯುವುದು ಕಷ್ಟ. ಅದನ್ನು ಬಳಸದಿದ್ದರೆ ಸಂಸ್ಥೆಯ ಗತಿ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ಮಾರ್ಗವಿಲ್ಲ. ಶೆಲ್ ಸಂಸ್ಥೆಯ ಕಥೆಯನ್ನು ಪ್ರಮುಖವಾಗಿ ಅದರಲ್ಲಿ ಪಾಲ್ಗೊಂಡವರೇ ಹೇಳಿರುವುದರಿಂದ ಅದನ್ನು ಎಚ್ಚರಿಕೆಯಿಂದ ಪರಿಗಣಿಸಬೇಕಾಗುತ್ತದೆ.

ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ ಅವರು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಅಪಾಯದತ್ತ ಗಮನ ಸೆಳೆಯುತ್ತದೆ. ಕಥೆಯೊಂದಕ್ಕೆ ವಿವರಗಳನ್ನು ಸೇರಿಸಿದಷ್ಟೂ ಅದು ನಡೆಯುವ ಸಂಭವನೀಯತೆ ಕಡಿಮೆಯಾಗುತ್ತದೆ. ಆದರೆ ಕೇಳುವವರಿಗೆ ಅದು ಹೆಚ್ಚು ನಂಬಲರ್ಹವಾಗಿ ತೋರುತ್ತದೆ. ಸೊಗಸಾಗಿ ಬರೆದ ಸನ್ನಿವೇಶವನ್ನು ಓದುಗರು ಭವಿಷ್ಯವಾಣಿಯೆಂದು ಭಾವಿಸಿಬಿಡುವ ಸಾಧ್ಯತೆ ಇದರಿಂದ ಉಂಟಾಗುತ್ತದೆ. ಮೂರು ಸನ್ನಿವೇಶಗಳನ್ನು ನೀಡಿದಾಗ ಓದುಗರು ನಡುವಿನದನ್ನೇ ಮುನ್ಸೂಚನೆಯೆಂದು ಆರಿಸಿಕೊಳ್ಳುವುದೂ ಉಂಟು. ಕೆನಡಾದ ವಿದ್ವಾಂಸ ಹೆನ್ರಿ ಮಿಂಟ್ಜ್‌ಬರ್ಗ್ ಅವರು 1994ರ ತಮ್ಮ ಗ್ರಂಥದಲ್ಲಿ ಔಪಚಾರಿಕ ಯೋಜನಾ ಪದ್ಧತಿಗಳನ್ನೇ ವಿಮರ್ಶಿಸಿ, ವಿಶ್ಲೇಷಣೆಯೊಂದರಿಂದಲೇ ಕಾರ್ಯತಂತ್ರವು ಹುಟ್ಟುವುದಿಲ್ಲವೆಂದು ವಾದಿಸಿದರು.

ನಿರ್ಧಾರ ಕೈಗೊಳ್ಳುವವರು ಪಾಲ್ಗೊಳ್ಳದೆ, ಯೋಜನಾ ವಿಭಾಗದವರೋ ಹೊರಗಿನ ಸಲಹೆಗಾರರೋ ಸಿದ್ಧಪಡಿಸಿದ ಸನ್ನಿವೇಶಗಳು ಬಹುಪಾಲು ಕಡತಗಳಲ್ಲಿಯೇ ಉಳಿಯುತ್ತವೆ. ಶೆಲ್ ತಂಡದ ಮೊದಲ ಪ್ರಯತ್ನವು ಫಲ ನೀಡದಿದ್ದುದು ಮಾಹಿತಿಯ ಕೊರತೆಯಿಂದಲ್ಲ, ಓದಿದವರ ನಂಬಿಕೆಗಳನ್ನು ಅದು ಮುಟ್ಟದಿದ್ದುದರಿಂದ. ಆ ಕಾರಣದಿಂದ ಸನ್ನಿವೇಶ ಎಷ್ಟರಮಟ್ಟಿಗೆ ನಿಜವಾಯಿತು ಎಂಬುದಕ್ಕಿಂತ, ಅದರಿಂದ ಯಾವ ನಿರ್ಧಾರವು ಬದಲಾಯಿತು ಎಂಬುದನ್ನೇ ಈ ವಿಧಾನದ ಅಳತೆಗೋಲಾಗಿ ಸ್ವೀಕರಿಸಲಾಗುತ್ತದೆ.