ಅರ್ಧ ಖಂಡದಿಂದ ಹತ್ತನೇ ಒಂದು ಪಾಲಿಗೆ

1788ರ ಫೆಬ್ರವರಿ 7ರಂದು ಸಿಡ್ನಿಯ ಕಡಲ ದಂಡೆಯಲ್ಲಿ ಒಂದು ರಾಜಾಜ್ಞೆಯನ್ನು ಓದಲಾಯಿತು. ಕೇಳಲು ನಿಂತಿದ್ದವರು ಹನ್ನೊಂದು ಹಡಗುಗಳಲ್ಲಿ ಬಂದಿಳಿದ ಕೈದಿಗಳು, ಸೈನಿಕರು. ಗವರ್ನರ್ ಆರ್ಥರ್ ಫಿಲಿಪ್‌ಗೆ ಅದು ಒಪ್ಪಿಸಿದ ನಾಡು ಎಷ್ಟು ದೊಡ್ಡದು? ಉತ್ತರದ ಕೇಪ್ ಯಾರ್ಕ್‌ನಿಂದ ಟ್ಯಾಸ್ಮೇನಿಯಾದ ದಕ್ಷಿಣ ತುದಿಯವರೆಗೆ, ಪಶ್ಚಿಮಕ್ಕೆ 135ನೇ ರೇಖಾಂಶದವರೆಗೆ. ಅಂದರೆ ಸರಿಸುಮಾರು ಅರ್ಧ ಖಂಡ. ಟ್ಯಾಸ್ಮೇನಿಯಾ ಒಂದು ದ್ವೀಪ ಎನ್ನುವುದೇ ಆಗ ಅವರಿಗೆ ತಿಳಿದಿರಲಿಲ್ಲ. ಅದು ಖಚಿತವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು.

1825ರಲ್ಲಿ ಈ ನಾಡಿನ, ಅಂದರೆ ನ್ಯೂ ಸೌತ್ ವೇಲ್ಸ್‌ನ, ಪಶ್ಚಿಮ ಗಡಿ 129ನೇ ರೇಖಾಂಶಕ್ಕೆ ಸರಿದು, ಖಂಡದ ಸುಮಾರು ಮೂರನೇ ಎರಡು ಪಾಲು ಒಂದೇ ವಸಾಹತಿನ ಹೆಸರಿಗೆ ಬಂತು. ನ್ಯೂಜಿಲೆಂಡ್ ಕೂಡ ಕೆಲಕಾಲ ಅದರ ಕೈಯಲ್ಲಿತ್ತು. ಮುಂದೆ ಕರಗಿದ್ದೇ ಕರಗಿದ್ದು: ಟ್ಯಾಸ್ಮೇನಿಯಾ 1825ರಲ್ಲೇ ಬೇರೆಯಾಯಿತು, ಸೌತ್ ಆಸ್ಟ್ರೇಲಿಯಾ 1836ರಲ್ಲಿ, ಕ್ವೀನ್ಸ್‌ಲ್ಯಾಂಡ್ 1859ರಲ್ಲಿ. ಇಂದು ಉಳಿದಿರುವುದು 8 ಲಕ್ಷ ಚದರ ಕಿಲೋಮೀಟರ್, ಖಂಡದ ಹತ್ತನೇ ಒಂದು ಪಾಲು. ಆದರೂ ಅದು ನಾಲ್ಕು ಕರ್ನಾಟಕಗಳಿಗಿಂತ ದೊಡ್ಡದು! ನಮ್ಮಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರಲ್ಲಿ ಕೂಡಿದಾಗ, ಹಳೆಯ ಮೈಸೂರು ಸಂಸ್ಥಾನದ ಎರಡು ಪಟ್ಟಿಗೂ ಮಿಗಿಲಾದ ರಾಜ್ಯ ಮೂಡಿತು.

ನನಗೆ ಅತ್ಯಂತ ಬೆರಗು ಹುಟ್ಟಿಸುವುದು ವಿಕ್ಟೋರಿಯ. 1851ರ ಜುಲೈ 1ರಂದು ಅದು ಬೇರೆಯಾದಾಗ ಅಲ್ಲಿದ್ದವರು ಸುಮಾರು 77 ಸಾವಿರ ಜನ. ಅದೇ ವರ್ಷ ಚಿನ್ನ ಸಿಕ್ಕಿತು. ಹತ್ತೇ ವರ್ಷದಲ್ಲಿ ಜನಸಂಖ್ಯೆ ಸುಮಾರು 5.4 ಲಕ್ಷ, ಸುಮಾರು 3.5 ಲಕ್ಷ ಜನರಿದ್ದ ತಾಯಿ ವಸಾಹತನ್ನೇ ಅದು ಹಿಂದಿಕ್ಕಿತ್ತು.

ಎರಡರ ನಡುವಿನ ಗಡಿ ಬಹುಪಾಲು ಮರ್ರೆ ನದಿ. ಗೆರೆ ಇರುವುದು ನದಿಯ ನಡುವೆ ಅಲ್ಲ, ದಕ್ಷಿಣ ದಡದ ಮೇಲಂಚಿನಲ್ಲಿ. ನೀರೆಲ್ಲ ನ್ಯೂ ಸೌತ್ ವೇಲ್ಸ್‌ನದು. ನದಿದಂಡೆಯ ಎಚೂಕಾ ಊರಿನ ಬಳಿ ಒಬ್ಬ ದಡದ ಮೇಲೆ ನಿಂತು, ಕೆಳಗೆ ನೀರಿನಂಚಿನಲ್ಲಿದ್ದವನಿಗೆ ಗುಂಡು ಹೊಡೆದ. ವಿಕ್ಟೋರಿಯದ ನ್ಯಾಯಾಲಯ ಶಿಕ್ಷೆ ವಿಧಿಸಿತು. ಸತ್ತವನಿದ್ದ ಜಾಗ ನ್ಯೂ ಸೌತ್ ವೇಲ್ಸ್‌ಗೆ ಸೇರಿದ್ದೆಂದು 1980ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಆ ತೀರ್ಪನ್ನೇ ರದ್ದು ಮಾಡಿತು. ಕೆಲವೇ ಮಾರು ಇಳಿಜಾರಿನಲ್ಲಿ ರಾಜ್ಯ ಬದಲಾಗಿತ್ತು.

ರೈಲಿನದೂ ಇದೇ ಕಥೆ. ಹಳಿಗಳ ನಡುವಿನ ಅಂತರ ಸಿಡ್ನಿ ಕಡೆ 1,435 ಮಿಲಿಮೀಟರ್, ಮೆಲ್ಬರ್ನ್ ಕಡೆ 1,600. ವ್ಯತ್ಯಾಸ ಒಂದು ಗೇಣೂ ಇಲ್ಲ. ಅಷ್ಟಕ್ಕಾಗಿ 1883ರಿಂದ 1962ರವರೆಗೆ ಪ್ರಯಾಣಿಕರು ಗಡಿಯೂರು ಆಲ್ಬರಿಯಲ್ಲಿ ಗಂಟುಮೂಟೆ ಸಮೇತ ಇಳಿದು ಬೇರೆ ರೈಲು ಹತ್ತಬೇಕಿತ್ತು. ಇನ್ನು ಗಡಿಯ ಉಳಿದ ಭಾಗ, ಅಂದರೆ ಮರ್ರೆ ಹುಟ್ಟುವ ಬೆಟ್ಟಗಳಿಂದ ಕಡಲವರೆಗಿನ ನೇರಗೆರೆ: ಅದರ ಅಳತೆ 1872ಕ್ಕೇ ಮುಗಿದಿದ್ದರೂ ವಿಧಿವತ್ತಾಗಿ ಘೋಷಣೆಯಾದದ್ದು 2006ರಲ್ಲಿ!

ಈ ಎಲ್ಲ ಗೆರೆಗಳಿಗೂ ಮುಂಚೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು, ಪ್ರತಿ ಜನಾಂಗಕ್ಕೂ ತನ್ನದೇ ಎಲ್ಲೆಯಿತ್ತು. ಎಚೂಕಾ ಸುತ್ತ ಮರ್ರೆಯ ಎರಡೂ ದಡ ಯೋರ್ಟಾ ಯೋರ್ಟಾ ಜನರ ನಾಡು. ಗಡಿ ಎಳೆಯುವಾಗ ಅವರನ್ನು ಯಾರೂ ಕೇಳಲಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ರಾಜ್ಯೋತ್ಸವ ಆಚರಿಸುವ ಕನ್ನಡಿಗರೇ, ಏಕೀಕರಣದ ಕಥೆ ಹೇಳುವಾಗ ಮಕ್ಕಳಿಗೆ ಇದನ್ನೂ ಹೇಳಿ. ಹ್ಯೂಮ್ ಹೆದ್ದಾರಿಯಲ್ಲಿ ಹೋಗುವಾಗ ಆಲ್ಬರಿಯಲ್ಲಿ ಇಳಿದು ಆ ರೈಲು ನಿಲ್ದಾಣವನ್ನು ಒಮ್ಮೆ ತೋರಿಸಿ.