ಮೃದಂಗದ ರವೆ ಮತ್ತು ಉಸಿರು ನೋಡಿ ರೋಗ ಹೇಳುವ ಚಿಪ್

ಕಛೇರಿಗೆ ಮುಂಚೆ ಮೃದಂಗದವರು ಎಡಗಡೆಯ ಚರ್ಮಕ್ಕೆ ಕಲಸಿದ ರವೆಯ ಮುದ್ದೆ ಮೆತ್ತುವುದನ್ನು ನೋಡಿರುತ್ತೀರಿ. ಭಾರ ಹೆಚ್ಚಿದ ಚರ್ಮ ನಿಧಾನವಾಗಿ ಕಂಪಿಸುತ್ತೆ, ನಾದ ತಗ್ಗುತ್ತೆ. ಧ್ವನಿತರಂಗ ಸೆನ್ಸರ್‌ಗಳ ಮೂಲಸೂತ್ರವೂ ಇದೇ.

ಇಲ್ಲಿ ಚರ್ಮದ ಬದಲು ಕ್ವಾರ್ಟ್ಜ್ ಹರಳಿನ ತೆಳು ಬಿಲ್ಲೆ. ಒತ್ತಿದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತೆ ಅಂತ 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಕಂಪಿಸುತ್ತೆ. ಕೈಗಡಿಯಾರದಲ್ಲಿರುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಇಂಥದೇ ಹರಳು.

1959ರಲ್ಲಿ ಜರ್ಮನಿಯ ಗುಂಟರ್ ಸೌರ್‌ಬ್ರೈ, ಹರಳಿನ ಮೇಲೆ ಕೂತ ತೂಕಕ್ಕೂ ತಗ್ಗಿದ ಕಂಪನಕ್ಕೂ ಇರುವ ಲೆಕ್ಕ ಕೊಟ್ಟರು. ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುವ ಹರಳಿನಲ್ಲಿ ಒಂದೇ ಒಂದು ಕಂಪನ ಕಮ್ಮಿಯಾದರೆ, ಚದರ ಸೆಂಟಿಮೀಟರಿಗೆ ಸುಮಾರು 18 ನ್ಯಾನೋಗ್ರಾಂ ಕೂತಿದೆ ಅಂತ ಅರ್ಥ. ಒಂದು ನ್ಯಾನೋಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು!

ಆದರೆ ಹರಳಿಗೆ ಭಾರ ಗೊತ್ತಾಗುತ್ತೆ, ಯಾವುದರ ಭಾರ ಅನ್ನೋದು ಗೊತ್ತಾಗಲ್ಲ. ಅದಕ್ಕೇ ಮೇಲೊಂದು ಲೇಪ. ತಕ್ಕ ಪಾಲಿಮರ್ ಬಳಿದರೆ ಪೆಟ್ರೋಲು, ಥಿನ್ನರ್‌ನಂಥವುಗಳ ಆವಿಯನ್ನು ಹೀರುತ್ತೆ. ಪ್ರತಿಕಾಯ ಅಂಟಿಸಿದರೆ ಅದಕ್ಕೆ ಹೊಂದುವ ವೈರಸ್ಸೋ ಪ್ರೋಟೀನೋ ಬಂದು ಕೂರುತ್ತೆ. ಬಿಸಿಗೂ ಒತ್ತಡಕ್ಕೂ ಕಂಪನ ಬದಲಾಗುವುದರಿಂದ ಲೇಪವಿಲ್ಲದೆಯೇ ಅವನ್ನು ಅಳೆಯಬಹುದು.

ತೊಡಕು ಇರುವುದೂ ಇಲ್ಲೇ. ರವೆ ಒಣಗಿದರೂ ಮೃದಂಗದ ನಾದ ಬದಲಾಗುತ್ತಲ್ಲ, ಹಾಗೆಯೇ ಬೇಡದ ಕಾರಣಕ್ಕೂ ಹರಳಿನ ಕಂಪನ ಜಾರುತ್ತೆ. ಪಕ್ಕದಲ್ಲೇ ಲೇಪವಿಲ್ಲದ ಇನ್ನೊಂದು ಹರಳಿಟ್ಟು ವ್ಯತ್ಯಾಸ ಕಳೆಯುತ್ತಾರೆ. ಬಿಸಿಯ ಪರಿಣಾಮ ಇದರಿಂದ ಬಹುಪಾಲು ಹೋಗುತ್ತೆ. ಆದರೆ ಲೇಪವೇ ತೇವ ಹೀರಿಕೊಂಡರೆ ಈ ಉಪಾಯ ನಡೆಯಲ್ಲ.

‘ಊದಿದರೆ ಸಾಕು, ರೋಗ ಪತ್ತೆ’ ಅನ್ನುವ ಪತ್ರಿಕಾ ಪ್ರಕಟಣೆಗಳು ನನ್ನ ಮೇಲ್‌ಗೂ ಬರುತ್ತವೆ. ಎಂಜಿನಿಯರಿಂಗ್ ಓದಿದವನಾದರೂ ನ್ಯಾನೋಗ್ರಾಂ ಲೆಕ್ಕಕ್ಕೆ ನಾನೇ ಮೊದಮೊದಲು ಮರುಳಾಗಿದ್ದೆ. ಆದರೆ ಉಸಿರು ಅಂದರೆ ನೀರಾವಿ ತುಂಬಿದ ಗಾಳಿ. ಹುಡುಕುವ ಅಣು ಅದರಲ್ಲಿ ಅತ್ಯಲ್ಪ. ತಕ್ಕಡಿ ಎಷ್ಟು ಸೂಕ್ಷ್ಮವೋ, ನೀರಿನ ಭಾರವನ್ನೂ ಅಷ್ಟೇ ಸೂಕ್ಷ್ಮವಾಗಿ ತೂಗುತ್ತೆ.

ಹಾಗಾಗಿ ಈಗ ಮೂರು ಪ್ರಶ್ನೆ ಕೇಳುತ್ತೇನೆ. ಲೇಪ ಯಾವುದು? ತೇವದ ಲೆಕ್ಕ ಹೇಗೆ ಕಳೆದಿರಿ? ಆಸ್ಪತ್ರೆಯ ಪರೀಕ್ಷೆಯೊಂದಿಗೆ ಎಷ್ಟು ಜನರಲ್ಲಿ ಹೋಲಿಸಿದ್ದೀರಿ? ನೀವೂ ಕೇಳಿ. ತಂತ್ರಜ್ಞಾನ ಸಾಚಾನೇ, ನನಗೆ ಅನುಮಾನವಿಲ್ಲ. ಆದರೆ ‘ಏನೂ ಇಲ್ಲ’ ಅಂತ ಚಿಪ್ ಹೇಳಿದ್ದನ್ನು ನಂಬಿ ಮನೆಗೆ ಹೋಗುವವರು ರೋಗಿಗಳು.