ತಾಯಿಯ ಹಠವೂ ಹಿಮ್ಮಡಿಯ ನೆತ್ತರೂ

ಹುಟ್ಟಿದ ಕೂಸಿಗೆ ತೂಕದಲ್ಲಿ ಕೊರತೆಯಿಲ್ಲ, ಅಳುವಿನಲ್ಲಿ ನಿತ್ರಾಣವಿಲ್ಲ. ಆದರೂ ಅದರ ಯಕೃತ್ತಿನ ಒಂದು ಕಿಣ್ವವು ಕೆಲಸಮಾಡದ ಕಾರಣ, ಕುಡಿದ ಹಾಲಿನಲ್ಲಿರುವ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲವು ರಕ್ತದಲ್ಲಿ ಶೇಖರವಾಗುತ್ತ ಬಂದು, ಕೆಲವು ತಿಂಗಳು ಕಳೆಯುವಷ್ಟರಲ್ಲಿ ಎಳೆಯ ಮೆದುಳನ್ನು ಸರಿಪಡಿಸಲಾಗದಂತೆ ಕೆಡಿಸಿಬಿಡುತ್ತದೆ. ಗರ್ಭದಲ್ಲಿದ್ದಷ್ಟು ಕಾಲವೂ ತಾಯಿಯ ದೇಹವೇ ಆ ಕಿಣ್ವದ ಕಾರ್ಯವನ್ನು ನಿರ್ವಹಿಸಿಕೊಂಡು ಬಂದಿರುವುದರಿಂದ ಜನನಸಮಯದಲ್ಲಿ ಕುರುಹೊಂದೂ ಕಾಣದು. ಫೀನೈಲ್‌ಕೀಟೋನ್ಯೂರಿಯ ಎಂಬ ಈ ಆನುವಂಶಿಕ ವ್ಯಾಧಿಯ ಚರಿತ್ರೆಯನ್ನು ಓದುವಾಗ ವಿಜ್ಞಾನಿಗಳಿಗಿಂತ ಮೊದಲು ನನ್ನ ಕಣ್ಣಿಗೆ ಬೀಳುವವರು ಅವರ ಬಾಗಿಲನ್ನು ಬಿಡದೆ ತಟ್ಟಿದ ತಾಯಂದಿರು.

ನಾರ್ವೆ ದೇಶದಲ್ಲಿ, ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿಯೊಬ್ಬಳು, ಅವರಿಂದ ಹೊಮ್ಮುತ್ತಿದ್ದ ವಿಚಿತ್ರ ವಾಸನೆಗೆ ಕಾರಣವೇನೆಂದು ಕಂಡಕಂಡ ವೈದ್ಯರನ್ನೆಲ್ಲ ಕೇಳಿ, 1934ರಲ್ಲಿ ಆಸ್ಲೋ ನಗರದ ಆಸ್ಬಿಯರ್ನ್ ಫೋಲಿಂಗರನ್ನು ತಲಪಿದಳು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ, ಮಧುಮೇಹಿಗಳಲ್ಲಿ ಕಾಣುವ ಕೆಂಗಂದಿಗೆ ಬದಲಾಗಿ ಗಾಢವಾದ ಹಸುರು ಮೂಡಿತು. ಔಷಧಗಳನ್ನೆಲ್ಲ ನಿಲ್ಲಿಸಿ ನೋಡಿದರೂ ಹಸುರೇ. ಹೆಚ್ಚಿನ ಪರೀಕ್ಷೆಗೆ ಲೀಟರುಗಟ್ಟಲೆ ಮೂತ್ರ ಬೇಕಾಯಿತು, ತಾಯಿ ಒದಗಿಸಿದಳು. ದೋಷದ ಮೂಲ ಹೀಗೆ ಗೊತ್ತಾಯಿತಾದರೂ ಆಕೆಯ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಚಿಕಿತ್ಸೆಯ ಕಥೆಯೂ ಇಂಥದೇ. 1951ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಹೋರ್ಸ್ಟ್ ಬಿಕೆಲ್ ಎಂಬ ವೈದ್ಯರನ್ನು ಮತ್ತೊಬ್ಬ ತಾಯಿ, ತನ್ನ ಮಗಳಿಗೆ ಏನಾದರೊಂದು ಉಪಾಯ ಮಾಡಲೇಬೇಕೆಂದು ದಿನವೂ ಕಾಡಿದಳು. ಅವರು ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನ ಮೂಲಕ ಹಾಯಿಸಿ, ಆ ಆಮ್ಲವನ್ನು ಬೇರ್ಪಡಿಸಿ ಪಥ್ಯಾಹಾರವನ್ನು ಸಿದ್ಧಗೊಳಿಸಿದರು. ಸದಾ ಅಳುತ್ತ ತಲೆ ಚಚ್ಚಿಕೊಳ್ಳುತ್ತಿದ್ದ ಹುಡುಗಿ ಅಂಬೆಗಾಲಿಟ್ಟಳು. ಮೆದುಳು ಕೆಡುವ ಮುನ್ನವೇ ಪಥ್ಯ ತೊಡಗಿದ್ದರೆ?

ಅದಕ್ಕೆ ದಾರಿಮಾಡಿಕೊಟ್ಟವರು ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರೀ. ಅವರೂ ಬುದ್ಧಿಮಾಂದ್ಯನಾದ ಮಗನೊಬ್ಬನ ತಂದೆ. ಕೂಸಿನ ಹಿಮ್ಮಡಿಯನ್ನು ಚುಚ್ಚಿ, ದಪ್ಪನೆಯ ಸೋಸುಕಾಗದದ ಮೇಲೆ ಅಚ್ಚಾದ ವೃತ್ತದೊಳಗೆ ನೆತ್ತರನ್ನು ಇಂಗಿಸಿ, ಒಣಗಿದಮೇಲೆ ಅಂಚೆಯಲ್ಲಿ ಕಳುಹಿಸಿದರಾಯಿತು. ಪ್ರಯೋಗಶಾಲೆಯಲ್ಲಿ ಆ ಕಾಗದದ ಬಿಲ್ಲೆಯನ್ನು, ಬೆಳೆಯದಂತೆ ತಡೆಹಿಡಿದ ಬ್ಯಾಕ್ಟೀರಿಯಗಳುಳ್ಳ ಅಗರ್ ಎಂಬ ಲೋಳೆಯ ಮೇಲಿಡುತ್ತಿದ್ದರು. ರಕ್ತದಲ್ಲಿ ಫೀನೈಲ್‌ಅಲನೈನ್ ಮಿತಿಮೀರಿದ್ದರೆ ತಡೆ ಮುರಿದು, ಬಿಲ್ಲೆಯ ಸುತ್ತ ಮಸುಕಾದ ಬಳೆಯೊಂದು ಏಳುತ್ತಿತ್ತು. 1963ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಈಗ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರವು ಒಂದೇ ಕಲೆಯಿಂದ ಹತ್ತಾರು ದೋಷಗಳನ್ನು ಹೇಳಬಲ್ಲುದು. ಕಾಗದ ಮಾತ್ರ ಬದಲಾಗಿಲ್ಲ.

ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯುಳ್ಳ ನಮ್ಮ ನಾಡಿಗೆ ಈ ವಿಷಯ ದೂರದ್ದಲ್ಲ. ತಂದೆತಾಯಿಗಳಿಬ್ಬರಿಂದಲೂ ಅದೇ ದೋಷಯುಕ್ತ ಜೀನು ಬಂದಾಗಲೇ ಇಂಥ ರೋಗ ತಲೆದೋರುವುದಷ್ಟೆ; ಹತ್ತಿರದ ನೆಂಟರಲ್ಲಿ ಆ ಸಂಭವ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾಯರೂ ಅವರ ಸಂಗಡಿಗರೂ 1980ರಿಂದ ಮೊದಲ್ಗೊಂಡು ಕರ್ನಾಟಕದ ಒಂದು ಲಕ್ಷಕ್ಕೂ ಮೀರಿದ ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದರು.

ಪರೀಕ್ಷೆ ಒಂದು ಕ್ಷಣದ್ದು, ಪಥ್ಯ ಬಾಳಿನುದ್ದದ್ದು. ಹಾಲು, ಮೊಸರು, ಬೇಳೆ, ಮೊಟ್ಟೆ ಎಲ್ಲಕ್ಕೂ ಅಂಕೆ. ಹಾಗೆಂದು ಆ ಆಮ್ಲವನ್ನು ಪೂರ್ತಿ ತಪ್ಪಿಸುವಂತೆಯೂ ಇಲ್ಲ, ಬೆಳವಣಿಗೆಗೆ ಅದೂ ಬೇಕು. ಆದಕಾರಣ ಆಗಾಗ ರಕ್ತ ತೋರಿಸಿ, ಗುಟುಕು ಗುಟುಕನ್ನೂ ಅಳೆದು ಕುಡಿಸಿ, ಉಳಿದ ಪೋಷಣೆಯನ್ನು ದುಬಾರಿಯಾದ ವಿಶೇಷ ಪುಡಿಯಿಂದ ತುಂಬಬೇಕು. ಸರ್ಕಾರವು ಪರೀಕ್ಷೆಯ ಯೋಜನೆಯನ್ನು ಹಾಕುವಾಗ ಕಾಗದದ ಜೊತೆಗೆ ಆ ಪುಡಿಯ ಡಬ್ಬಿಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕೆಂಬುದು ನನ್ನ ಮತ.